ಏಳನೇ ಎಲೆ

ಓಮ್ನಿ ಬೆಳ್ಳೂರು ಕ್ರಾಸ್ ದಾಟುವವರೆಗೂ ಹರ್ಷಿತ ಒಂದು ಮಾತೂ ಆಡಲಿಲ್ಲ. ಹಿಂದಿನ ಸೀಟಿನಲ್ಲಿ ಸ್ಪೀಕರ್ ಡಬ್ಬಕ್ಕೆ ಒರಗಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಕ್ರಾಸ್ ದಾಟಿ ಹಳ್ಳಿಯ ರಸ್ತೆಗೆ ತಿರುಗಿಕೊಂಡ ಮೇಲೆ ಬಾಯಿ ಬಿಟ್ಟಳು.

"ಮೌನಣ್ಣ, ಮೈಸೂರಿನ ಆರ್ಕೆಸ್ಟ್ರಾದೋರು ಇವತ್ತು ನಾಲ್ಕ್ ಗಂಟೆಗೆ ಫೋನ್ ಮಾಡ್ತಾರೆ. ಬತ್ತೀನಿ ಅಂತ ಯೋಳ್ಬುಡ್ತೀನಿ."

ಮೌನಣ್ಣ ಎಂದರೆ ನಾನೇ. ಗೇರು ಬದಲಿಸಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಬದಲಿಸಿದೆನೆಂದು ಕಾಣುತ್ತದೆ, ಹಿಂದೆ ಡ್ರಮ್ಮುಗಳೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು.

ನಮ್ಮದು ನಾಲ್ಕು ಜನರ ಬ್ಯಾಂಡು, ಹೆಸರು 'ಕೀಲು'. ಹೆಸರಿಟ್ಟವನು ನಾನೇ. ಪಾಂಡವಪುರದಲ್ಲಿ ನನ್ನದು ಮರಗೆಲಸದ ಅಂಗಡಿ. ಮೊಳೆ ಹೊಡೆಯದೆ ಮರಕ್ಕೆ ಮರ ಕೂಡಿಸುವುದನ್ನು ನೋಡಿಕೊಂಡೇ ಬೆಳೆದವನು. ನಾನು ನುಡಿಸುವುದು ಬೇಸ್ ಗಿಟಾರು, ಅದನ್ನೂ ಹಲಸಿನ ಮರದಲ್ಲಿ ನಾನೇ ಮಾಡಿಕೊಂಡದ್ದು. ಡ್ರಮ್ಸ್ ಬಾರಿಸುವವನು ಶ್ರೀರಂಗಪಟ್ಟಣದ ಸೈಫುಲ್ಲಾ. ಮಿಕ್ಕ ದಿನಗಳಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಕೀಬೋರ್ಡಿಗೆ ನಾಗಮಂಗಲ ತಾಲ್ಲೂಕಿನ ಶಿವು, ಮನೆಗಳಿಗೆ ವೈರಿಂಗ್ ಮಾಡುವವನು. ಹಾಡುವವಳು ಹರ್ಷಿತ, ಕೆ.ಆರ್. ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಾಳೆ. ಅವಳಿಲ್ಲದೆ 'ಕೀಲು' ಇಲ್ಲ. ಅವಳ ಗಂಟಲಿನಂಥ ಗಂಟಲು ನಾಲ್ಕು ತಾಲ್ಲೂಕು ಅಲೆದರೂ ಸಿಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳ ಮುಂದೆ ಒಂದು ದಿನವೂ ಹೇಳಿರಲಿಲ್ಲ. ನನ್ನ ಕೊಬ್ಬು ಅಂಥದ್ದು.

ನಾವು ನುಡಿಸುತ್ತಿದ್ದದ್ದು ಫಂಕ್, ಅದರಲ್ಲೂ ಆಸಿಡ್ ಜಾಝ್ ಎನ್ನುವ ಬಗೆಯದು. ಫಂಕ್ ಎಂದರೆ ಮೂಲದಲ್ಲಿ ಕುಣಿಯುವ ಸಂಗೀತವೇ. ಅದಕ್ಕೆ ಜಾಝಿನ ಅಡ್ಡಾದಿಡ್ಡಿ ಸ್ವರಗಳನ್ನು ಸೇರಿಸಿದರೆ ಆಸಿಡ್ ಜಾಝ್ ಆಗುತ್ತದೆ. ಅದೂ ಸಾಲದೆಂದು ನಾನು ನನ್ನ ಬುದ್ಧಿವಂತಿಕೆಯನ್ನೂ ಸೇರಿಸಿದ್ದೆ. ಲೋಕವೆಲ್ಲ ನಾಲ್ಕು ಎಣಿಸಿಕೊಂಡು ಸುಖವಾಗಿರುವಾಗ ನನ್ನ ಹಾಡು ಏಳು ಎಣಿಸುತ್ತಿತ್ತು. ಆರು ಪೆಟ್ಟು ಬೀಳುತ್ತವೆ, ಏಳನೆಯದು ಖಾಲಿ. ಆ ಖಾಲಿಯಲ್ಲಿ ನಾಲ್ಕು ಜನವೂ ಒಟ್ಟಿಗೆ ಗಪ್ಪನೆ ನಿಲ್ಲಬೇಕು. ಅದನ್ನು ಸರಿಯಾಗಿ ಕೂಡಿಸಲು ನಮಗೆ ಎಂಟು ತಿಂಗಳು ಹಿಡಿದಿತ್ತು.

ನಾಲ್ಕು ವರ್ಷದಲ್ಲಿ ಅದಕ್ಕೆ ಒಬ್ಬನೇ ಒಬ್ಬನೂ ಕುಣಿದಿರಲಿಲ್ಲ. ಪಾಂಡವಪುರದ ಒಂದು ಗಣಪತಿ ಪೆಂಡಾಲಿನಲ್ಲಿ ನಲವತ್ತು ನಿಮಿಷ ಬೆವರು ಸುರಿಸಿ ನುಡಿಸಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಬಂದು, "ಶ್ರುತಿ ಕೂಡ್ತಾ? ಇನ್ನು ಶುರು ಮಾಡಿ" ಎಂದಿದ್ದರು. ಈ ಜನಕ್ಕೆ ಕಿವಿ ಇಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಡಿಸ್ಕೊ ನುಡಿಸೋಣ ಎಂದು ಹರ್ಷಿತ ಆರು ತಿಂಗಳಿಂದ ಹೇಳುತ್ತಿದ್ದಳು. ಸೈಫುಲ್ಲಾ, ಶಿವು ಇಬ್ಬರೂ ಒಳಗೊಳಗೆ ಅವಳ ಕಡೆಗೇ ಇದ್ದರು, ನನ್ನ ಎದುರಿಗೆ ಬಾಯಿ ಬಿಡುತ್ತಿರಲಿಲ್ಲ ಅಷ್ಟೆ.

"ನಾಲ್ಕ್ ವರ್ಸದಿಂದ ಕುಂತಿರೋ ಜನದ್ ಮೊಕ ನೋಡ್ಕಂಡು ಹಾಡಿವ್ನಿ ಕಣಣ್ಣ," ಎಂದಳು ಹರ್ಷಿತ. "ಎದ್ದು ಕುಣ್ಯೋ ಜನದ್ ಮುಂದೆ ಹಾಡ್ಬೇಕು ಅಂತ ನಂಗೂ ಆಸೆ ಇರಕಿಲ್ವಾ?"

"ಡಿಸ್ಕೊಗೆ ಬೇಸ್ ಯಾಕಮ್ಮಿ ಬೇಕು? ನನ್ ಕೈಗೊಂದು ಒನಕೆ ಕೊಡು, ಕುಟ್ಕೊಂಡ್ ನಿಂತ್ಕತೀನಿ."

"ಅದನ್ನಾದ್ರೂ ಕುಟ್ಟು. ಜನ ಏಳ್ತಾರೆ."

ಪಕ್ಕದಲ್ಲಿದ್ದ ಸೈಫುಲ್ಲಾ ಕೆಮ್ಮಿದ.

ಆವತ್ತಿನ ಕಾರ್ಯಕ್ರಮ ಶಿವುವಿನ ದೊಡ್ಡಪ್ಪನ ಮನೆಯ ಬೀಗರ ಊಟ. ದೊಡ್ಡಪ್ಪನ ಮಗನಿಗೆ ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಿಂದ ಹೆಣ್ಣು ತಂದಿದ್ದರು. ಮದುವೆ ಮುಗಿದು ಮೂರನೆಯ ದಿನ ಬೀಗರನ್ನು ಕರೆದು ಬಾಡೂಟ ಹಾಕುತ್ತಿದ್ದರು. ತೆಂಗಿನ ತೋಟದಲ್ಲಿ ಶಾಮಿಯಾನ, ಅದರ ಕೆಳಗೆ ಮೇಜು ಕುರ್ಚಿ ಹಾಕಿ ಎಪ್ಪತ್ತು ಎಲೆಯ ಉದ್ದನೆಯ ಸಾಲು. ಒಂದು ಮೂಲೆಯಲ್ಲಿ ನಮ್ಮ ಡ್ರಮ್ಮು, ಕೀಬೋರ್ಡು. ಮರಿಗಳನ್ನು ಕೊಯ್ದವರು ಬೆಳ್ಳೂರಿನ ಅಹಮದ್ ಪಾಷಾ ಎಂದು ವಿಚಾರಿಸಿಕೊಂಡ ಮೇಲೆ ಸೈಫುಲ್ಲಾನ ಮುಖ ಅರಳಿತು. ನಾನು ಆಚಾರಿ ಮನೆಯವನು, ಬಾಡು ಮುಟ್ಟುವುದಿಲ್ಲ. ಹಾಗಾಗಿ ಎಲೆಯ ಮೇಲಿನ ಒಂದು ತುಂಡಿಗೆ ಎಷ್ಟು ತೂಕವಿರುತ್ತದೆ ಎಂಬುದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಬೀಗರ ಊಟದಲ್ಲಿ ಮೊದಲ ಪಂಕ್ತಿ ಹೆಣ್ಣಿನ ಕಡೆಯವರದು. ಬೀಗರಾಗಿ ಬಂದವರು ಬಾಯಿ ಬಿಟ್ಟು ಇದು ಬೇಕು, ಅದು ಬೇಕು ಎಂದು ಕೇಳುವಂತಿಲ್ಲ. ಕೇಳಿದರೆ ಅವರಿಗೆ ಅವಮಾನ, ಕೇಳುವ ಹಾಗೆ ಮಾಡಿದರೆ ಗಂಡಿನ ಕಡೆಯವರಿಗೆ ಅವಮಾನ. ಎಲೆಯಲ್ಲಿ ಏನು ಕಡಿಮೆಯಾಗಿದೆ ಎಂದು ನೋಡಿಕೊಂಡು ಬಡಿಸುವುದು ಮನೆಯವರ ಮರ್ಯಾದೆ. ಈ ಮರ್ಯಾದೆಯನ್ನು ಹೊತ್ತುಕೊಂಡಿದ್ದವನು ದ್ಯಾವಯ್ಯ. ಅರವತ್ತು ದಾಟಿದ ಸಣಕಲು ಮನುಷ್ಯ, ಮೂವತ್ತು ವರ್ಷದಿಂದ ಸುತ್ತಿನ ಊರುಗಳಲ್ಲೆಲ್ಲ ಬಾಡಿನ ಬಕೆಟ್ಟು ಹಿಡಿದವನು. ಅವನು ಮುಂದೆ ಮುಂದೆ ತುಂಡು ಹಾಕಿಕೊಂಡು ಹೋಗುತ್ತಾನೆ, ಅವನ ಬೆನ್ನಿಗೇ ಇನ್ನೊಬ್ಬ ಸಾರು ಬಿಟ್ಟುಕೊಂಡು ಬರುತ್ತಾನೆ. ಸಾರಿನವನು ಹಿಂದಿನಿಂದ ನೂಕುತ್ತಿರುವುದರಿಂದ ದ್ಯಾವಯ್ಯನ ಕಾಲು ನಿಲ್ಲುವಂತಿಲ್ಲ.

ಬೋಟಿ ಗೊಜ್ಜು, ಮುದ್ದೆ ಎಲ್ಲ ಎಲೆಗೆ ಬಿದ್ದಾದ ಮೇಲೆ ದೊಡ್ಡಪ್ಪ ನಮ್ಮ ಕಡೆ ಕೈ ಬೀಸಿದರು. ನಾನು ಏಳರ ಹಾಡನ್ನೇ ಎತ್ತಿಕೊಂಡೆ. ಹರ್ಷಿತ ನನ್ನ ಕಡೆ ಒಂದು ಸಲ ನೋಡಿ ಹಾಡತೊಡಗಿದಳು. ಕೊನೆಯ ಸಲ ಹಾಡುತ್ತಿದ್ದೇನೆ ಎಂಬ ಧೈರ್ಯವೋ ಏನೋ, ಆವತ್ತು ಬಹಳ ಚೆನ್ನಾಗಿ ಹಾಡಿದಳು. ಆರು ಪೆಟ್ಟು, ಒಂದು ಖಾಲಿ. ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ನನಗೆ ಒಳಗೇ ಹೆಮ್ಮೆ ಉಕ್ಕುತ್ತಿತ್ತು. ಜನ ಯಥಾಪ್ರಕಾರ ಎಲೆ ನೋಡುತ್ತ ಕೂತಿದ್ದರು.

ದ್ಯಾವಯ್ಯ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ, ಈ ತುದಿಯಲ್ಲಿ ಒಬ್ಬರು ಎಲೆ ಮಡಿಚಿದರು. ಮುದ್ದೆ ಮುರಿದಿರಲಿಲ್ಲ, ಸಾರಿನಲ್ಲಿ ಬೆರಳು ಅದ್ದಿರಲಿಲ್ಲ. ಮಡಿಚಿ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ಅವರು ಹೆಣ್ಣಿನ ಸೋದರಮಾವ ವೆಂಕಟೇಶ. ನಮ್ಮ ಹಾಡು ಅರ್ಧಕ್ಕೇ ನಿಂತಿತು.

ಶಿವುವಿನ ದೊಡ್ಡಪ್ಪ ಓಡಿಬಂದರು. "ಯಾಕಣ್ಣ, ಎದ್ಬುಟ್ರಿ?"

"ಊಟ ಆಯ್ತು ಗೌಡ್ರೆ. ಮರ್ವಾದೆನೂ ಆಯ್ತು."

"ಏನಾಯ್ತು ಅಂತ ಬಾಯ್ಬುಟ್ಟು ಯೋಳಿ ಅಣ್ಣ."

"ಸಾರು ಕುಡ್ಸಕೆ ಎರಡ್ ಬಸ್ಸು ಜನಾನ ಕಿರಂಗೂರಿಂದ ಕರ್ಸ್ಬೇಕಿತ್ತಾ? ಅಲ್ಲೇ ಒಂದ್ ಚೆಂಬು ಕಳ್ಸಿದ್ರೆ ಆಗಿರೋದು."

ದೊಡ್ಡಪ್ಪ ಎಲೆ ಬಿಡಿಸಿ ನೋಡಿದರು. ಮುದ್ದೆ ಇತ್ತು, ಗೊಜ್ಜು ಇತ್ತು, ಸಾರು ಇತ್ತು, ತುಂಡು ಇರಲಿಲ್ಲ. ಅಷ್ಟರಲ್ಲಿ ಸಾಲಿನ ನಡುವೆ ಇನ್ನೊಬ್ಬರು ಎದ್ದರು. ಆಮೇಲೆ ಇನ್ನೊಬ್ಬರು. ಒಬ್ಬೊಬ್ಬರಾಗಿ ಹತ್ತು ಜನ ಎದ್ದು ನಿಂತರು, ಹತ್ತು ಜನರ ಎಲೆಯಲ್ಲೂ ತುಂಡಿಲ್ಲದ ಬರೀ ಸಾರು. ಬಾಯಿ ಬಿಟ್ಟು ಕೇಳಬಾರದೆಂದು ಇಷ್ಟು ಹೊತ್ತು ಹಲ್ಲು ಕಚ್ಚಿಕೊಂಡು ಕೂತಿದ್ದವರು ಈಗ ಒಟ್ಟಿಗೆ ಮಾತಾಡತೊಡಗಿದರು. ನಮ್ಮವರನ್ನು ಬೇಕೆಂದೇ ಆರಿಸಿ ಬಿಟ್ಟಿದ್ದಾರೆ ಎಂದು ಯಾರೋ ಅಂದರು. ಬಸ್ಸಿನ ಡ್ರೈವರು ಎಲ್ಲಿ ಎಂದು ಮತ್ತೆ ಯಾರೋ ಕೇಳಿದರು. ಒಳಗೆ ಹೊಸ ಮದುವಣಗಿತ್ತಿ ಅಳುತ್ತಿದ್ದಾಳೆ ಎಂಬ ಸುದ್ದಿಯೂ ಬಂತು.

"ಏನ್ ದ್ಯಾವಯ್ಯ ನೀನು, ಕಣ್ಣು ಎಲ್ಲಿಕ್ಕಿದ್ದೆ?" ಎಂದು ದೊಡ್ಡಪ್ಪ ತಿರುಗಿ ಬಿದ್ದರು.

"ನಾನು ಒಂದ್ ಎಲೆನೂ ಬುಟ್ಟಿಲ್ಲ ಗೌಡ್ರೆ," ಎಂದ ದ್ಯಾವಯ್ಯ. ಬಕೆಟ್ಟು ಕೆಳಗಿಟ್ಟು ಎರಡೂ ಕೈ ಜೋಡಿಸಿದ. "ಮೂವತ್ ವರ್ಸದಲ್ಲಿ ಒಂದ್ ಎಲೆ ಬುಟ್ಟಿಲ್ಲ. ನನ್ ಮಕ್ಳಾಣೆಗೂ."

ನಾನು ಎದ್ದು ನಿಂತವರನ್ನು ನೋಡಿದೆ. ಅಳತೆ ನೋಡುವುದು ನನ್ನ ಹೊಟ್ಟೆಪಾಡು, ಬೇಡವೆಂದರೂ ಕಣ್ಣು ಎಣಿಸುತ್ತದೆ. ವೆಂಕಟೇಶ ಏಳನೆಯ ಎಲೆ. ಸಾಲಿನಲ್ಲಿ ಅವರಾದ ಮೇಲೆ ನಿಂತಿದ್ದವರು ಹದಿನಾಲ್ಕನೆಯ ಎಲೆ. ಆಮೇಲಿನವರು ಇಪ್ಪತ್ತೊಂದು. ದ್ಯಾವಯ್ಯನ ಕೈ ನಮ್ಮ ಪೆಟ್ಟಿಗೆ ಒಂದೊಂದು ತುಂಡು ಹಾಕುತ್ತ ಹೋಗಿದೆ. ಖಾಲಿಯಲ್ಲಿ ನಾವು ನಿಂತಾಗ ಅವನ ಕೈಯೂ ನಿಂತಿದೆ. ಸಾರಿನವನು ಹಿಂದಿನಿಂದ ನೂಕುತ್ತಿದ್ದುದರಿಂದ ಕಾಲು ಮಾತ್ರ ನಿಂತಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿ ಬಿಟ್ಟರೆ, ನನ್ನ ಹಾಡು ಜನರನ್ನು ಕುಣಿಸದೆ ಇರುವುದಲ್ಲದೆ ಊಟದಿಂದಲೂ ಎಬ್ಬಿಸುತ್ತದೆ ಎಂದು ಹರ್ಷಿತಳ ಎದುರಿಗೇ ಒಪ್ಪಿಕೊಂಡ ಹಾಗೆ. ಆಮೇಲೆ ಅವಳು ನಾಲ್ಕು ಗಂಟೆಯವರೆಗೂ ಕಾಯಬೇಕಿರಲಿಲ್ಲ. ಆದರೆ ಆ ಮುದುಕ ಮಕ್ಕಳ ಮೇಲೆ ಆಣೆಯಿಡುವುದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

ಮೈಕಿಗೆ ಬಾಯಿಟ್ಟೆ. "ತಪ್ಪು ಅವರ್ದಲ್ಲ. ನಮ್ ಹಾಡಿಂದು. ಹಾಡು ಕಟ್ಟಿದ್ದು ನಾನು."

ಏಳರ ಲೆಕ್ಕವನ್ನು ಆದಷ್ಟು ಬಿಡಿಸಿ ಹೇಳಿದೆ. ವೆಂಕಟೇಶ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು.

"ಅಂದ್ರೆ ನನ್ ತುಂಡು ನಿನ್ ಹಾಡು ತಿನ್ಕೊಂಡ್ತು ಅಂತೀಯ?"

"ಊಂ ಅಣ್ಣ. ಹತ್ತು ಜನದ್ದು ತಿಂದೈತೆ."

ಇದರಿಂದ ನಿಜವಾಗಿ ಸಿಟ್ಟಾದವನು ದ್ಯಾವಯ್ಯ. "ನಿಮ್ ಹಾಡು ನನ್ ಕಿವಿಗೇ ಬಿದ್ದಿಲ್ಲ ಕಣಪ್ಪ," ಎಂದ. "ನನ್ ಕೈನ ನಿನ್ ಹಾಡು ನಿಲ್ಸುತ್ತಾ? ಎಲ್ಲಿ, ಇನ್ನೊಂದ್ಸಲ ನುಡ್ಸು. ಎಲ್ರೂ ಕೂತ್ಕಳಿ, ನೋಡೇ ಬುಡಾವ."

ಇಂಥ ಪಂದ್ಯವನ್ನು ಯಾರು ಬಿಡುತ್ತಾರೆ. ಸಿಟ್ಟಿನಿಂದ ಎದ್ದವರೆಲ್ಲ ಕುತೂಹಲದಿಂದ ಕೂತರು, ಮಡಿಚಿದ್ದ ಎಲೆಗಳ ಜಾಗಕ್ಕೆ ಹೊಸ ಎಲೆ ಬಂತು. ದ್ಯಾವಯ್ಯ ತುಂಬಿದ ಬಕೆಟ್ಟು ಹಿಡಿದು ಸಾಲಿನ ತಲೆಗೆ ಹೋಗಿ ನಿಂತ, ಸಾರಿನವನು ಅವನ ಬೆನ್ನಿಗೆ. ಎರಡನೆಯ ಪಂಕ್ತಿಗೆ ಕಾಯುತ್ತ ಕುರ್ಚಿಗಳ ಹಿಂದೆ ನಿಂತಿದ್ದವರೆಲ್ಲ ಕತ್ತು ಚಾಚಿದರು. ನಾವು ಏಳನ್ನು ಶುರು ಮಾಡಿದೆವು.

ಮೊದಲ ಆರು ಎಲೆಗೆ ತುಂಡು ಬಿತ್ತು. ಏಳನೆಯ ಎಲೆಯ ಮುಂದೆ ದ್ಯಾವಯ್ಯ ಹುಬ್ಬು ಗಂಟಿಕ್ಕಿ, ಖಾಲಿಯಲ್ಲೇ, ಒಂದಕ್ಕೆ ಎರಡು, ಮಜ್ಜೆ ತುಂಬಿದ ನಲ್ಲಿ ಮೂಳೆ ಹಾಕಿ ನನ್ನ ಕಡೆ ನೋಡಿ ನಕ್ಕ. ಜನ ಚಪ್ಪಾಳೆ ತಟ್ಟಿದರು. ಅವನು ಗೆದ್ದ ಉಮೇದಿನಲ್ಲಿ ಮುಂದಕ್ಕೆ ನಡೆದ. ಎಂಟು, ಒಂಬತ್ತು, ಹತ್ತು. ಹದಿಮೂರಕ್ಕೆ ಹಾಕಿದ. ಹದಿನಾಲ್ಕನೆಯ ಎಲೆಯ ಮೇಲೆ ಸೌಟು ಗಾಳಿಯಲ್ಲಿ ನಿಂತಿತು, ಕಾಲು ದಾಟಿತು, ಹದಿನೈದಕ್ಕೆ ತುಂಡು ಬಿತ್ತು.

ತುಂಡು ಬೀಳದ ಆ ಎಲೆಯ ಮುಂದೆ ಕೂತಿದ್ದವಳು ಚಿಕ್ಕಬೋರಮ್ಮ, ಹೆಣ್ಣಿನ ಅಜ್ಜಿ. ಎಲೆ ನೋಡಿದಳು, ದ್ಯಾವಯ್ಯನ ಬೆನ್ನು ನೋಡಿದಳು.

"ಎರಡ್ನೇ ಸಲ ಕಣಪ್ಪ," ಎಂದಳು. "ನನ್ ಎಲೆಗೇನ್ ಸಾಪ ತಟ್ಟೈತಾ?"

ಮೊದಲು ನಕ್ಕವರು ವೆಂಕಟೇಶ. ಆಮೇಲೆ ನಗು ಸಾಲುದ್ದಕ್ಕೂ ಹರಡಿತು. ದೊಡ್ಡಪ್ಪ ಕಂಬ ಹಿಡಿದುಕೊಂಡು ನಕ್ಕರು. ಸಾರಿನವನು ನಗುತ್ತ ಯಾರದೋ ಪಂಚೆಗೇ ಒಂದು ಸೌಟು ಸಾರು ಬಿಟ್ಟ. ದ್ಯಾವಯ್ಯ ಮಾತ್ರ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ, ಅದು ಬೇರೆಯವರ ಕೈಯೇನೋ ಎನ್ನುವ ಹಾಗೆ.

ಹರ್ಷಿತ ನನ್ನನ್ನು ಕೇಳಲಿಲ್ಲ. ಹಿಂದಕ್ಕೆ ತಿರುಗಿ, "ಸೈಫಣ್ಣ, ನಾಲ್ಕು ಹಾಕು" ಎಂದಳು.

ಸೈಫುಲ್ಲಾ ಆರು ತಿಂಗಳಿಂದ ಈ ಮಾತಿಗೇ ಕಾದಿದ್ದ. ಕಾಲಡಿಯ ದೊಡ್ಡ ಡ್ರಮ್ಮಿಗೆ ಢಂ, ಢಂ, ಢಂ, ಢಂ ಎಂದು ಸಮಸಮವಾಗಿ ಹೊಡೆಯತೊಡಗಿದ, ಒಂದಕ್ಕೂ ಬಿಡುವಿಲ್ಲ. ನಡುನಡುವೆ ತಾಳದ ತಟ್ಟೆ ಚಿಸ್ ಚಿಸ್ ಎಂದು ಬಾಯಿ ತೆರೆದು ಮುಚ್ಚಿತು. ಶಿವು ಕೀಬೋರ್ಡಿನಲ್ಲಿ ಪಿಟೀಲಿನ ಸ್ವರ ಒತ್ತಿದ. ಹರ್ಷಿತ ಅದೇ ಏಳರ ಹಾಡಿನ ಮಾತುಗಳನ್ನು ನಾಲ್ಕರ ಮೇಲೆ ಕೂರಿಸಿ ಹಾಡಿಬಿಟ್ಟಳು. ಇವರು ಮೂವರೂ ನನ್ನ ಬೆನ್ನ ಹಿಂದೆ ಅಭ್ಯಾಸ ಮಾಡಿಕೊಂಡಿದ್ದಾರೆ ಎಂದು ಆಗ ಗೊತ್ತಾಯಿತು. ನಾನು ಬೇಸನ್ನು ಕೊರಳಿಗೆ ನೇತುಹಾಕಿಕೊಂಡು ಕಂಬದ ಹಾಗೆ ನಿಂತಿದ್ದೆ.

"ಅರೆ ಭಾಯ್," ಎಂದ ಸೈಫುಲ್ಲಾ, ಹೊಡೆಯುವುದನ್ನು ನಿಲ್ಲಿಸದೆ. "ಕೆಳ್ಗಡೆ ಖಾಲಿ ಹೊಡೀತಾ ಐತೆ. ನೀನ್ ಬರ್ದೆ ಇದು ನಿಲ್ಲಲ್ಲ ಯಾರ್."

ನಿಜ, ಖಾಲಿ ಹೊಡೆಯುತ್ತಿತ್ತು. ನೆಲಗಟ್ಟಿಲ್ಲದ ಮನೆಯ ಹಾಗಿತ್ತು. ನಾನು ಕೆಳಗಿನ ಸ್ವರ ಒಂದು, ಅದರದೇ ಮೇಲಿನ ಸ್ವರ ಒಂದು, ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು ಹಿಡಿದೆ. ಕೀಳು ಕೆಲಸ ಎಂದುಕೊಂಡಿದ್ದೆ. ನಾಲ್ಕು ಸುತ್ತು ಹೋಗುವುದರೊಳಗೆ ಬೆರಳು ಉರಿಯಿತು. ಒಂದು ಸ್ವರ ಜಾರಿದರೂ ಇಡೀ ಹಾಡು ಕುಂಟುತ್ತಿತ್ತು. ಏಳರ ಹಾಡಿನಲ್ಲಿ ತಪ್ಪಿದರೆ ಬುದ್ಧಿವಂತಿಕೆಯ ಮರೆಯಲ್ಲಿ ಅವಿತುಕೊಳ್ಳಬಹುದು, ಇಲ್ಲಿ ಅವಿತುಕೊಳ್ಳಲು ಜಾಗವೇ ಇರಲಿಲ್ಲ.

ದ್ಯಾವಯ್ಯ ಬಕೆಟ್ಟು ಎತ್ತಿಕೊಂಡು ಹದಿನಾಲ್ಕನೆಯ ಎಲೆಗೆ ವಾಪಸ್ಸು ಬಂದ. ಚಿಕ್ಕಬೋರಮ್ಮನ ಎಲೆಗೆ ತುಂಡು ಬಿತ್ತು. ಅಲ್ಲಿಂದ ಒಂದು ಎಲೆಯೂ ತಪ್ಪಲಿಲ್ಲ. ಪೆಟ್ಟಿಗೊಂದು ತುಂಡು, ಪೆಟ್ಟಿಗೊಂದು ಹೆಜ್ಜೆ. ನಲವತ್ತನೆಯ ಎಲೆಯ ಹತ್ತಿರ ಅವನ ಸೊಂಟ ತಾನಾಗಿ ಅಲ್ಲಾಡತೊಡಗಿತು. ಅದನ್ನು ನೋಡಿ ಸಾರಿನವನ ಸೊಂಟವೂ ಅಲ್ಲಾಡಿತು. ಕುರ್ಚಿಗಳ ಹಿಂದೆ ಎರಡನೆಯ ಪಂಕ್ತಿಗೆ ಕಾಯುತ್ತಿದ್ದವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಅವರಲ್ಲಿ ಯಾರೋ ಒಬ್ಬರು ಕುರ್ಚಿಯ ಬೆನ್ನು ಹಿಡಿದುಕೊಂಡು ಕುಣಿಯಲು ಶುರು ಮಾಡಿದರು. ಪಕ್ಕದವರೂ ಹಿಡಿದುಕೊಂಡರು. ನೋಡನೋಡುತ್ತಿದ್ದ ಹಾಗೆ ಎಪ್ಪತ್ತು ಕುರ್ಚಿಗಳ ಹಿಂದೆ ಎಪ್ಪತ್ತು ಜನ ಒಂದೇ ಸಮ ಕುಣಿಯುತ್ತಿದ್ದರು, ಮುಂದೆ ಕೂತವರು ಅದೇ ಲಯಕ್ಕೆ ಮುದ್ದೆ ನುಂಗುತ್ತಿದ್ದರು. ವೆಂಕಟೇಶ ನಲ್ಲಿ ಮೂಳೆ ಚೀಪುತ್ತಲೇ ಭುಜ ಕುಣಿಸುತ್ತಿದ್ದರು. ಒಳಗೆ ಅಳುತ್ತಿದ್ದ ಮದುವಣಗಿತ್ತಿ ಬಾಗಿಲಿಗೆ ಬಂದು ನಿಂತಳು. ಆಮೇಲೆ ನಿಂತಿರಲಿಲ್ಲ, ಅವಳೂ ಕುಣಿಯುತ್ತಿದ್ದಳು.

ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಎಂಟು ತಿಂಗಳು ಉಜ್ಜಿ ನುಣುಪು ಮಾಡಿದ್ದಕ್ಕೆ ಏಳದವರು ಇದಕ್ಕೆ ಎದ್ದರಲ್ಲ ಎಂದು. ಆದರೆ ಹರ್ಷಿತಳ ಮುಖ ನೋಡಿದ ಮೇಲೆ ಹೊಟ್ಟೆಕಿಚ್ಚು ಉಳಿಯಲಿಲ್ಲ. ಹಾಡುತ್ತ ಹಾಡುತ್ತ ಅವಳ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಒರೆಸಿಕೊಳ್ಳುವ ಗೊಡವೆಗೇ ಹೋಗದೆ ನಗುತ್ತಿದ್ದಳು. ನಾಲ್ಕು ವರ್ಷ ಈ ಮುಖವನ್ನು ನಾನು ಕಟ್ಟಿಹಾಕಿಕೊಂಡಿದ್ದೆ. ಒಂದು ಗಂಟೆ ಹತ್ತು ನಿಮಿಷ ನಿಲ್ಲಿಸದೆ ನುಡಿಸಿದೆವು. ಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದು ಒಡೆಯಿತು.

ಮೂರು ಪಂಕ್ತಿ ಮುಗಿದ ಮೇಲೆ ದ್ಯಾವಯ್ಯ ನೀರು ಕುಡಿಯಲು ನಮ್ಮ ಮೂಲೆಗೆ ಬಂದ. ಚೆಂಬು ಕೆಳಗಿಟ್ಟು ನನ್ನ ಪಕ್ಕ ಕೂತ.

"ಎಂಥೆಂಥ ವಾಲಗ, ಎಂಥೆಂಥ ಬ್ಯಾಂಡ್ಸೆಟ್ಟು ಕೇಳ್ಕೊಂಡು ಬಡ್ಸಿವ್ನಿ ಕಣಪ್ಪ. ಒಂದೂ ನನ್ ಕೈ ನಿಲ್ಸಿರ್ನಿಲ್ಲ. ನಿಂದೊಂದೇ ನಿಲ್ಸಿದ್ದು."

ಈ ಜನಕ್ಕೆ ಕಿವಿ ಇಲ್ಲ ಎಂದುಕೊಂಡಿದ್ದೆ. ಈ ಮನುಷ್ಯನ ಕೈ ನನ್ನ ಹಾಡನ್ನು ಒಂದು ಪೆಟ್ಟೂ ಬಿಡದೆ ಕೇಳಿತ್ತು. ಎದ್ದು ಅವನ ಕಾಲು ಮುಟ್ಟಿದೆ.

"ಚೆನ್ನಾಗೈತೆ, ಇಟ್ಕೋ," ಎಂದ ಅವನು. "ಉಣ್ಣೋ ಹೊತ್ನಲ್ಲಿ ಮಾತ್ರ ನುಡುಸ್ಬ್ಯಾಡ."

ನಾಲ್ಕು ಗಂಟೆಗೆ ಬ್ಯಾಂಡಿನವರು, ಅಡುಗೆಯವರು, ಬಡಿಸಿದವರು ಕೂಡಿ ಕೊನೆಯ ಪಂಕ್ತಿಗೆ ಕೂತರು. ನನಗೆ ಬೇರೆ ಕಡೆ ಸೊಪ್ಪಿನ ಸಾರು ಕಾಯುತ್ತಿದ್ದುದರಿಂದ ನಾನು ವೈರು ಸುತ್ತಿಡುತ್ತಿದ್ದೆ. ಚಾರ್ಜಿಗೆ ಹಾಕಿದ್ದ ಹರ್ಷಿತಳ ಫೋನು ಹೊಡೆದುಕೊಂಡಿತು. ಎತ್ತಿದೆ. ಮೈಸೂರಿನವರು.

"ಹರ್ಷಿತ, ಅವ್ರೇ ಕಣಮ್ಮಿ," ಎಂದು ಕೂಗಿದೆ.

"ನೀನೇ ಮಾತಾಡು. ನಾನು ಉಣ್ತಾವ್ನಿ."

"ಏನಂತ ಯೋಳ್ಲಿ?"

ಅವಳು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡಳು. ಮುದ್ದೆ ಗಂಟಲಲ್ಲಿ ಇಳಿಯುವವರೆಗೆ ಕಾಯದೆ ವಿಧಿ ಇರಲಿಲ್ಲ. ಸೈಫುಲ್ಲಾ, ಶಿವು ಕೂಡ ಉಣ್ಣುವುದು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

"ನಮ್ದೇ ಒಂದು ಬ್ಯಾಂಡ್ ಐತೆ, ಬರಕಾಗಕಿಲ್ಲ ಅನ್ನು."

ಅದನ್ನೇ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಆ ಕಡೆಯವರು ಒಳ್ಳೆಯವರು, ಬೇಸರ ಮಾಡಿಕೊಳ್ಳಲಿಲ್ಲ. ಯಾವ ಬ್ಯಾಂಡು ಎಂದು ಕೇಳಿದರು. 'ಕೀಲು' ಎಂದೆ. ಏನು ನುಡಿಸುತ್ತೀರಿ ಎಂದು ಕೇಳಿದರು. ಆ ಪ್ರಶ್ನೆ ಕೇಳಿದವರನ್ನು ಕಾಲು ಗಂಟೆ ಕೂರಿಸಿಕೊಂಡು ಪಾಠ ಮಾಡಿ ಕಳಿಸುತ್ತಿದ್ದವನು ನಾನು.

"ಡಿಸ್ಕೊ," ಎಂದೆ. "ಜನ ಕುಣೀತಾರೆ."